ಕಿಣ್ವದ ವೇಗ ಮತ್ತು ಹೊಲದ ವಿಷ

ಮುಂಗಾರಿನ ಹೆಸರು ಮನೆ ಸೇರಿ, ಹತ್ತಿಯ ಗಿಡ ಮೊಗ್ಗು ಬಿಡುವ ಹೊತ್ತಿಗೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆ ಮತ್ತು ಮಸಾರಿ ಹೊಲಗಳಲ್ಲಿ ಬೆನ್ನಿಗೆ ಪಂಪು ಹೊತ್ತವರ ಓಡಾಟ ಆರಂಭವಾಗುತ್ತದೆ. ಹಿಂಗಾರಿನಲ್ಲಿ ಕಡಲೆಗೆ ಕಾಯಿಕೊರಕ ಬಿದ್ದಾಗ ಅದೇ ಪಂಪು ಮತ್ತೆ ಹೆಗಲೇರುತ್ತದೆ. ಜನರ ಬಾಯಲ್ಲಿ ಇದು ‘ಎಣ್ಣಿ ಹೊಡೆಯುವುದು’. ಮೂಗಿಗೊಂದು ವಸ್ತ್ರ ಸುತ್ತಿಕೊಂಡು, ಬರಿಗಾಲಿನಲ್ಲಿ ಸಾಲು ಹಿಡಿದು ಹೋಗುವವರಿಗೆ ಎಚ್ಚರ ಹೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ನಿನ್ನೆ ದಿನಪೂರ್ತಿ ಹೊಡೆದೆ, ಮೊನ್ನೆಯೂ ಹೊಡೆದೆ, ಏನೂ ಆಗಲಿಲ್ಲ.”

ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ‘ನಿನ್ನೆ ಏನೂ ಆಗಲಿಲ್ಲ’ ಎಂಬುದು ‘ಇಂದೂ ಏನೂ ಆಗದು’ ಎಂಬುದಕ್ಕೆ ಆಧಾರವಾಗಲಾರದು. ಏಕೆ ಆಗಲಾರದು ಎಂಬುದನ್ನು ತಿಳಿಯಬೇಕಾದರೆ ನಮ್ಮ ಶರೀರದೊಳಗೆ ಪ್ರತಿಕ್ಷಣವೂ ನಡೆಯುವ ಕಿಣ್ವಗಳ ಕೆಲಸವನ್ನು, ವಿಶೇಷವಾಗಿ ಆ ಕೆಲಸದ ವೇಗವನ್ನು ಅರಿಯಬೇಕು. ಕಿಣ್ವಗಳ ವೇಗವನ್ನು ಅಳೆಯುವ ಶಾಸ್ತ್ರವು ಪ್ರಯೋಗಾಲಯಕ್ಕಷ್ಟೇ ಸೇರಿದ್ದೆಂದು ತೋರಬಹುದು. ಆದರೆ ಹೊಲದಿಂದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಒಬ್ಬ ರೈತನ ಪ್ರಾಣ ಉಳಿಯುವುದೂ ಕಳೆಯುವುದೂ ಬಹುಮಟ್ಟಿಗೆ ಆ ಶಾಸ್ತ್ರದ ಲೆಕ್ಕವನ್ನೇ ಅವಲಂಬಿಸಿದೆ.

ಬಡಿಸುವ ಕೈ

ಕಿಣ್ವವೆಂದರೆ ಶರೀರದ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನು. ಅದು ಒಂದು ವಸ್ತುವನ್ನು ಹಿಡಿಯುತ್ತದೆ, ಮಾರ್ಪಡಿಸುತ್ತದೆ, ಬಿಡುತ್ತದೆ; ತಾನು ಮಾತ್ರ ಸವೆಯದೆ ಮುಂದಿನದಕ್ಕೆ ಸಿದ್ಧವಾಗುತ್ತದೆ. ಜೊಲ್ಲಿನಲ್ಲಿ ರೊಟ್ಟಿಯ ಪಿಷ್ಟವನ್ನು ಒಡೆಯುವುದೂ ಕಿಣ್ವವೇ, ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಸೀಳುವುದೂ ಕಿಣ್ವವೇ.

ಅದರ ವೇಗವನ್ನು ಅರಿಯಲು ಮಠದ ದಾಸೋಹದ ಪಂಕ್ತಿಯನ್ನು ನೆನೆಯಬಹುದು. ತಟ್ಟೆ ಹಿಡಿದು ಬರುವವರಿಗೆ ಒಬ್ಬರು ಬಡಿಸುತ್ತಿದ್ದಾರೆ. ಒಂದು ತಟ್ಟೆಗೆ ಬಡಿಸಲು ಎರಡು ಸೆಕೆಂಡು ಬೇಕು ಎಂದುಕೊಳ್ಳೋಣ. ನಿಮಿಷಕ್ಕೆ ಐದು ಮಂದಿ ಬಂದರೆ ಐವರಿಗೆ, ಹತ್ತು ಮಂದಿ ಬಂದರೆ ಹತ್ತು ಮಂದಿಗೆ ಬಡಿಸಿದಂತಾಗುತ್ತದೆ. ಬರುವವರು ಹೆಚ್ಚಿದಷ್ಟೂ ಕೆಲಸ ಹೆಚ್ಚುತ್ತದೆ. ಆದರೆ ಜಾತ್ರೆಯ ದಿನ ನೂರಾರು ಮಂದಿ ಒಮ್ಮೆಲೇ ನಿಂತರೂ ಒಂದು ಕೈಯಿಂದ ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ತಟ್ಟೆಗೆ ಬಡಿಸಲಾಗದು. ಆ ಮೂವತ್ತೇ ಅದರ ಗರಿಷ್ಠ ವೇಗ. ಬಡಿಸುವ ಕೈಗಳು ಇಮ್ಮಡಿಯಾದರೆ ಮಾತ್ರ ಗರಿಷ್ಠ ವೇಗ ಇಮ್ಮಡಿಯಾದೀತು.

ಕಿಣ್ವಗಳಲ್ಲಿಯೂ ಹೀಗೆಯೇ ಎಂಬುದನ್ನು 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮಿಖಾಯೆಲಿಸ್ ಮತ್ತು ಕೆನಡಾದಿಂದ ಅಲ್ಲಿಗೆ ಹೋಗಿದ್ದ ವೈದ್ಯೆ ಮಾಡ್ ಮೆಂಟನ್ ಅವರು ಸಕ್ಕರೆಯನ್ನು ಸೀಳುವ ಒಂದು ಕಿಣ್ವದ ಮೇಲೆ ಪ್ರಯೋಗ ಮಾಡಿ, ಗಣಿತದ ಸೂತ್ರದಲ್ಲಿ ನಿರೂಪಿಸಿದರು. ಕಿಣ್ವದ ವೇಗವು ಅದರ ಗರಿಷ್ಠದ ಅರ್ಧವನ್ನು ತಲಪಲು ವಸ್ತುವಿನ ಸಾಂದ್ರತೆ ಎಷ್ಟಿರಬೇಕೋ ಅದಕ್ಕೆ ಇಂದಿಗೂ ಮಿಖಾಯೆಲಿಸ್ ಸ್ಥಿರಾಂಕವೆಂದೇ ಹೆಸರು. ಒಂದು ಔಷಧವನ್ನು ಎಷ್ಟು ಪ್ರಮಾಣದಲ್ಲಿ, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂಬ ವೈದ್ಯರ ಲೆಕ್ಕದ ಹಿಂದೆ ಈ ವಿಚಾರಸರಣಿ ಇದೆ. ಅನೇಕ ರೋಗಗಳ ಮೂಲವೂ ಇಲ್ಲಿಯೇ ಇದೆ: ಕಿಣ್ವವೊಂದು ಹುಟ್ಟಿನಿಂದಲೇ ಇಲ್ಲದಿರಬಹುದು, ಇದ್ದೂ ನಿಧಾನವಾಗಿರಬಹುದು, ಇಲ್ಲವೇ ಹೊರಗಿನ ವಸ್ತುವೊಂದು ಬಂದು ಅದನ್ನು ತಡೆದಿರಬಹುದು. ಹೊಲದ ವಿಷ ಈ ಮೂರನೆಯ ಬಗೆಗೆ ಸೇರಿದ್ದು.

ನರದ ತುದಿಯಲ್ಲಿ

ಕೈ ಎತ್ತಬೇಕೆಂದು ಮನಸ್ಸು ಬಯಸಿದಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ವಸ್ತು ಸ್ರವಿಸಿ ಸ್ನಾಯುವನ್ನು ಮುಟ್ಟುತ್ತದೆ, ಸ್ನಾಯು ಸಂಕುಚಿಸುತ್ತದೆ. ಹೃದಯದ ಬಡಿತ ಇಳಿಯುವುದಕ್ಕೂ ಜೊಲ್ಲು, ಬೆವರು, ಕಣ್ಣೀರು ಹರಿಯುವುದಕ್ಕೂ ಕರುಳು ಚಲಿಸುವುದಕ್ಕೂ ಇದೇ ದೂತ. ದೂತನ ಕೆಲಸ ಮುಗಿದೊಡನೆ ಅವನನ್ನು ಅಲ್ಲಿಂದ ತೆರವುಗೊಳಿಸಬೇಕು. ಇಲ್ಲವಾದರೆ ‘ಸಂಕುಚಿಸು’ ಎಂಬ ಆಜ್ಞೆ ನಿಲ್ಲುವುದೇ ಇಲ್ಲ. ತೆರವುಗೊಳಿಸುವ ಕಿಣ್ವದ ಹೆಸರು ಅಸಿಟೈಲ್‌ಕೋಲಿನ್‌ಎಸ್ಟರೇಸ್. ಅನುಕೂಲಕ್ಕಾಗಿ ಇನ್ನು ಮುಂದೆ ಕೋಲಿನ್‌ಎಸ್ಟರೇಸ್ ಎನ್ನೋಣ.

ಪ್ರಕೃತಿಯ ಅತಿ ವೇಗದ ಕಿಣ್ವಗಳಲ್ಲಿ ಇದೂ ಒಂದು. ಇದರ ಒಂದೇ ಅಣು ಒಂದು ಸೆಕೆಂಡಿನಲ್ಲಿ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆದುಹಾಕುತ್ತದೆ. ವಸ್ತುವು ಹರಿದು ಬಂದು ಕಿಣ್ವವನ್ನು ತಲಪುವ ವೇಗವೇ ಇದರ ಮಿತಿ ಎನ್ನುವಷ್ಟು ಇದು ಚುರುಕು. ನಾವು ಕಣ್ಣು ಮಿಟುಕಿಸುವುದು, ನುಡಿಯುವುದು, ಉಸಿರಾಡುವುದು ಈ ತ್ವರೆಯ ಕೃಪೆಯಿಂದ.

ಕೈ ಕಟ್ಟುವ ಬಗೆಗಳು

ಕಿಣ್ವವನ್ನು ತಡೆಯುವುದರಲ್ಲಿ ಮೂರು ಬಗೆಗಳನ್ನು ಇಲ್ಲಿ ತಿಳಿದರೆ ಸಾಕು. ತಟ್ಟೆಯಿಲ್ಲದವನೊಬ್ಬ ಪಂಕ್ತಿಯಲ್ಲಿ ಬಂದು ಬಡಿಸುವವರ ಮುಂದೆ ಸುಮ್ಮನೆ ನಿಂತು ಹೋದರೆ ಅಷ್ಟು ಹೊತ್ತು ಕೆಲಸ ನಿಲ್ಲುತ್ತದೆ. ಆದರೆ ನಿಜವಾದ ಭಕ್ತರ ಸಂಖ್ಯೆ ಹೆಚ್ಚಿದಂತೆ ಅವನಿಗೆ ಜಾಗ ಸಿಗುವುದು ಕಡಿಮೆಯಾಗುತ್ತದೆ. ಇದು ಸ್ಪರ್ಧೆಯ ತಡೆ. ಎರಡನೆಯದು, ಬಡಿಸುವವರ ಕೈಯನ್ನು ಸಡಿಲವಾಗಿ ಕಟ್ಟಿದಂತೆ. ಕೆಲವು ಗಂಟೆಗಳಲ್ಲಿ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಕಾರ್ಬೊಫ್ಯುರಾನ್, ಮೆಥೊಮಿಲ್ ಮುಂತಾದ ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ಕೋಲಿನ್‌ಎಸ್ಟರೇಸನ್ನು ತಡೆಯುವುದು ಹೀಗೆ. ಸಾಮಾನ್ಯವಾಗಿ ಒಂದು ದಿನದೊಳಗೆ ಕಿಣ್ವ ಚೇತರಿಸಿಕೊಳ್ಳುತ್ತದೆ. ಆ ಒಂದು ದಿನ ಪ್ರಾಣ ಉಳಿಸಿಕೊಳ್ಳುವುದೇ ಚಿಕಿತ್ಸೆಯ ಗುರಿ.

ಮೂರನೆಯದು ಬಿಗಿಗಂಟು. ಮಾನೊಕ್ರೊಟೊಫಾಸ್, ಡೈಮಿಥೊಯೇಟ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದ ರಂಜಕಯುಕ್ತ ಕೀಟನಾಶಕಗಳು, ಅಂದರೆ ಆರ್ಗನೊಫಾಸ್ಫರಸ್ ಗುಂಪಿನವು, ಕಿಣ್ವದ ಕೆಲಸದ ಜಾಗದಲ್ಲಿ ಬಲವಾಗಿ ಬೆಸೆದುಕೊಳ್ಳುತ್ತವೆ. ಪಂಕ್ತಿಯಲ್ಲಿ ಎಷ್ಟೇ ಜನ ನಿಂತರೂ ಕಟ್ಟಿದ ಕೈ ಬಡಿಸಲಾರದು. ಗರಿಷ್ಠ ವೇಗವೇ ಕುಸಿಯುತ್ತದೆ. ಅಸಿಟೈಲ್‌ಕೋಲಿನ್ ತುಂಬಿ ನಿಲ್ಲುತ್ತದೆ. ಆಗ ಕಾಣುವ ಲಕ್ಷಣಗಳು ಇವು: ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ದೃಷ್ಟಿ ಮಸುಕಾಗುವುದು, ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಹೊಟ್ಟೆನುಲಿತ, ಭೇದಿ, ನಾಡಿ ನಿಧಾನವಾಗುವುದು, ಚರ್ಮದಡಿಯ ಸ್ನಾಯುಗಳು ಅಲ್ಲಲ್ಲಿ ಮಿಡಿಯುವುದು, ಬಳಿಕ ನಿಶ್ಶಕ್ತಿ. ಶ್ವಾಸನಾಳದಲ್ಲಿ ನೀರು ತುಂಬಿ, ಉಸಿರಾಟದ ಸ್ನಾಯುಗಳೂ ಸೋತಾಗ ಸಾವು ಸಂಭವಿಸುತ್ತದೆ.

ಎಲ್ಲ ಕೀಟನಾಶಕಗಳೂ ಈ ಕಿಣ್ವವನ್ನೇ ತಡೆಯುವುದಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಜನರನ್ನು ಬಾಧಿಸಿದ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆದ ಎಂಡೋಸಲ್ಫಾನ್ ಬೇರೆ ಗುಂಪಿಗೆ ಸೇರಿದ್ದು. ಆದುದರಿಂದಲೇ ರೋಗಿಯ ಜತೆಗೆ ಕೀಟನಾಶಕದ ಡಬ್ಬಿಯನ್ನೋ ಅದರ ಚೀಟಿಯನ್ನೋ ವೈದ್ಯರಿಗೆ ತಪ್ಪದೆ ತೋರಿಸಬೇಕು.

‘ನಿನ್ನೆ ಏನೂ ಆಗಲಿಲ್ಲ’ ಎಂಬುದರ ಲೆಕ್ಕ

ದಾಸೋಹದಲ್ಲಿ ಹತ್ತು ಮಂದಿ ಬಡಿಸುವವರಿದ್ದು, ಅಂದಿನ ಜನಕ್ಕೆ ಐವರೇ ಸಾಕಾಗಿದ್ದರೆ, ಮೂವರು ಎದ್ದು ಹೋದರೂ ಪಂಕ್ತಿಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಆರನೆಯವರು ಎದ್ದಾಗ ಮಾತ್ರ ಸಾಲು ನಿಲ್ಲತೊಡಗುತ್ತದೆ. ನರದ ತುದಿಯಲ್ಲಿಯೂ ಅವಶ್ಯಕತೆಗಿಂತ ಹೆಚ್ಚಿನ ಕೋಲಿನ್‌ಎಸ್ಟರೇಸ್ ಇರುತ್ತದೆ. ಸಾಮಾನ್ಯವಾಗಿ ಅದು ಅರ್ಧಕ್ಕಿಂತ ಕೆಳಗಿಳಿದ ಮೇಲೆಯೇ ಲಕ್ಷಣಗಳು ಎದ್ದುಕಾಣುತ್ತವೆ. ಅಷ್ಟರವರೆಗೆ ಮೈಯಲ್ಲಿ ವಿಷವೇರುತ್ತಿದ್ದರೂ ಮೈಗೆ ಅದು ಗೊತ್ತಾಗುವುದಿಲ್ಲ.

ನಷ್ಟವಾದ ಕಿಣ್ವ ಬೇಗ ಮರಳುವುದೂ ಇಲ್ಲ. ಕೆಂಪು ರಕ್ತಕಣಗಳ ಮೇಲೂ ಇದೇ ಕಿಣ್ವವಿದೆ. ಆ ಕಣಗಳಿಗೆ ಹೊಸ ಕಿಣ್ವವನ್ನು ತಯಾರಿಸುವ ಶಕ್ತಿಯಿಲ್ಲ. ಸುಮಾರು 120 ದಿನ ಬಾಳುವ ಹಳೆಯ ಕಣಗಳು ಸಾಯುತ್ತ, ಹೊಸವು ಹುಟ್ಟುತ್ತ ಹೋದಂತೆ ದಿನಕ್ಕೆ ನೂರರಲ್ಲಿ ಸುಮಾರು ಒಂದು ಪಾಲಿನಂತೆ ಅದು ತುಂಬಿಕೊಳ್ಳುತ್ತದೆ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ದಿನದ ಸಿಂಪಡಣೆಯಿಂದ, ಆ ಬೆಳಿಗ್ಗೆ ಇದ್ದ ಕಿಣ್ವದಲ್ಲಿ ಶೇಕಡಾ 15 ಪಾಲು ಕಟ್ಟಿಹೋಗುತ್ತದೆ, ರಾತ್ರಿ ಒಂದು ಪಾಲು ಮರಳುತ್ತದೆ ಎಂದುಕೊಳ್ಳಿ. ಮೊದಲ ಸಂಜೆ ನೂರರಲ್ಲಿ 85 ಉಳಿಯುತ್ತದೆ. ಎರಡನೆಯ ಸಂಜೆ 73. ಮೂರನೆಯ ಸಂಜೆ 63. ನಾಲ್ಕನೆಯ ಸಂಜೆ 54. ಐದನೆಯ ಸಂಜೆ 47. ಪಂಪು ಅದೇ, ಎಣ್ಣೆ ಅದೇ, ಹೊಲ ಅದೇ. ನಾಲ್ಕು ದಿನ ‘ಏನೂ ಆಗದವನು’ ಐದನೆಯ ದಿನ ಬದುವಿನ ಮೇಲೆ ಕುಸಿದು ಬಿದ್ದರೆ ಅದು ದೃಷ್ಟಿಯೂ ಅಲ್ಲ, ಬಿಸಿಲಿನ ಬಳಲಿಕೆಯೂ ಅಲ್ಲ. ದಿನದಿನದ ನಷ್ಟ ಕೂಡಿಬಂದ ಫಲ.

ಈ ಲೆಕ್ಕವನ್ನರಿತ ಕಡೆಗಳಲ್ಲಿ ಹಂಗಾಮಿಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಪ್ರತಿಯೊಬ್ಬ ಕೆಲಸಗಾರನ ಕಿಣ್ವದ ಸ್ವಂತ ಮಟ್ಟವನ್ನು ಬರೆದಿಡುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದಂತೆ ಕೆಂಪು ರಕ್ತಕಣದ ಕಿಣ್ವವು ತನ್ನ ಮೂಲಮಟ್ಟದ ಶೇಕಡಾ 70ಕ್ಕೆ ಇಳಿದರೆ ಆ ಕೆಲಸಗಾರನನ್ನು ಸಿಂಪಡಣೆಯಿಂದ ದೂರವಿಡಬೇಕು. ಶೇಕಡಾ 80ಕ್ಕೆ ಏರುವವರೆಗೆ ಮರಳಿ ಆ ಕೆಲಸಕ್ಕೆ ಹಚ್ಚುವಂತಿಲ್ಲ. ನಮ್ಮಲ್ಲಿ ಹಂಗಾಮಿನುದ್ದಕ್ಕೂ ಕೂಲಿಗೆ ಎಣ್ಣೆ ಹೊಡೆಯುವ ತರುಣರು ಊರೂರಿಗೂ ಇದ್ದಾರೆ. ಒಂದು ಹೊಲದ ಒಡೆಯನಿಗೆ ಅದು ಎರಡು ದಿನದ ಕೆಲಸ. ಆದರೆ ಆ ತರುಣನಿಗೆ ಇಂದು ಈ ಹೊಲ, ನಾಳೆ ಪಕ್ಕದ ಹೊಲ. ಅವನ ಮೈಯಲ್ಲಿ ಕೂಡುತ್ತಿರುವ ಲೆಕ್ಕವನ್ನು ಯಾವ ಒಡೆಯನೂ ನೋಡಿರುವುದಿಲ್ಲ.

ಗಂಟು ಗಟ್ಟಿಯಾಗುವ ಮುನ್ನ

ನೂಲಿನ ಹಗ್ಗದ ಗಂಟು ನೀರು ಬಿದ್ದರೆ ಬಿಗಿಯುವಂತೆ, ಕಿಣ್ವಕ್ಕೆ ಬೆಸೆದ ವಿಷವೂ ಹೊತ್ತು ಕಳೆದಂತೆ ಒಳಗೊಳಗೇ ಮಾರ್ಪಟ್ಟು ಬಿಚ್ಚಲಾಗದ ಸ್ಥಿತಿಗೆ ಬರುತ್ತದೆ. ವೈದ್ಯರು ಇದನ್ನು ಕಿಣ್ವಕ್ಕೆ ‘ಮುಪ್ಪು ಬರುವುದು’ ಎನ್ನುತ್ತಾರೆ. 1950ರ ದಶಕದಲ್ಲಿ ಬಳಕೆಗೆ ಬಂದ ಪ್ರಾಲಿಡಾಕ್ಸಿಮ್ ಎಂಬ ಔಷಧವು ಗಂಟನ್ನು ಬಿಚ್ಚಬಲ್ಲದು, ಆದರೆ ಮುಪ್ಪು ಬರುವ ಮುನ್ನ ಮಾತ್ರ. ಪ್ರಯೋಗಾಲಯದ ಅಳತೆಯಂತೆ, ಮಾನೊಕ್ರೊಟೊಫಾಸ್ ಮತ್ತು ಡೈಮಿಥೊಯೇಟ್‌ಗಳಂಥ ವಿಷಗಳಿಂದ ಕಟ್ಟಿಹೋದ ಕಿಣ್ವದಲ್ಲಿ ಅರ್ಧಪಾಲಿಗೆ ಸುಮಾರು ನಾಲ್ಕು ಗಂಟೆಯೊಳಗೆ ಮುಪ್ಪು ಬರುತ್ತದೆ. ಎಂಟು ಗಂಟೆಗೆ ಮುಕ್ಕಾಲು ಪಾಲು ಕೈಬಿಟ್ಟಂತೆಯೇ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ಗಳಲ್ಲಿ ಅದೇ ಅರ್ಧಕ್ಕೆ ಸುಮಾರು 33 ಗಂಟೆ ಬೇಕು. ಈ ಔಷಧದ ಪ್ರಯೋಜನದ ಬಗ್ಗೆ ರೋಗಿಗಳ ಮೇಲೆ ನಡೆದ ಅಧ್ಯಯನಗಳು ಒಂದೇ ಮಾತನ್ನು ಹೇಳಿಲ್ಲ. ವಿಷದ ಬಗೆ, ಪ್ರಮಾಣ ಮತ್ತು ಕಳೆದ ಗಂಟೆಗಳು ರೋಗಿಯಿಂದ ರೋಗಿಗೆ ಬೇರೆಯಾಗಿರುವುದು ಅದಕ್ಕೆ ಒಂದು ಕಾರಣ.

ಪ್ರಾಣ ಉಳಿಸುವ ಮೊದಲ ಔಷಧ ಅಟ್ರೋಪಿನ್. ಅದು ಗಂಟನ್ನು ಬಿಚ್ಚುವುದಿಲ್ಲ. ತುಂಬಿನಿಂತ ಅಸಿಟೈಲ್‌ಕೋಲಿನ್ ಹೋಗಿ ಮುಟ್ಟುವ ಬಾಗಿಲಲ್ಲಿ ತಾನು ನಿಂತು ಸ್ಪರ್ಧೆ ಒಡ್ಡುತ್ತದೆ. ಎದುರಾಳಿ ಎಷ್ಟಿದ್ದಾನೋ ಅಷ್ಟಕ್ಕೆ ತಕ್ಕಷ್ಟು ಬೇಕಾಗುವುದರಿಂದ, ಶ್ವಾಸಕೋಶದ ನೀರು ಇಂಗಿ ನಾಡಿ ಸುಧಾರಿಸುವವರೆಗೆ ವೈದ್ಯರು ಕೆಲವೇ ನಿಮಿಷಗಳಿಗೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುತ್ತಾರೆ. ಆದುದರಿಂದ ದೊಡ್ಡ ಆಸ್ಪತ್ರೆಯೇ ಬೇಕೆಂದು ಗದಗ ಇಲ್ಲವೇ ಹುಬ್ಬಳ್ಳಿಯ ದಾರಿಯಲ್ಲಿ ಹೊತ್ತು ಕಳೆಯುವ ಬದಲು, ಸಮೀಪದ ಸರಕಾರಿ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಗೂ ಅಟ್ರೋಪಿನ್ ಆರಂಭಿಸಿ, ಬಳಿಕ ವೈದ್ಯರು ಹೇಳಿದಂತೆ ಮುಂದುವರಿಯುವುದು ಲೇಸು.

ಮತ್ತೊಂದು ಎಚ್ಚರ. ಚೇತರಿಸಿಕೊಂಡಂತೆ ಕಂಡ ರೋಗಿಗೆ ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತು ಎತ್ತಲಾಗದಂತಾಗಿ, ಉಸಿರಾಟದ ಸ್ನಾಯುಗಳು ಮತ್ತೆ ಸೋಲಬಹುದು. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಮೊದಲಿಗೆ ವಿವರವಾಗಿ ವರ್ಣಿಸಿದರು. ‘ಎದ್ದು ಕುಳಿತಿದ್ದಾನೆ, ಮಾತಾಡುತ್ತಿದ್ದಾನೆ’ ಎಂದು ಮರುದಿನವೇ ಮನೆಗೆ ಕರೆತರುವ ಬಂಧುಗಳು ಈ ಮಾತನ್ನು ಮರೆಯಬಾರದು.

ಅದೇ ತಡೆ, ಔಷಧವಾಗಿ

ಇದೇ ಕಿಣ್ವವನ್ನು ಹದವರಿತು ನಿಧಾನಗೊಳಿಸಿದರೆ ಅದು ಚಿಕಿತ್ಸೆಯೂ ಆಗುತ್ತದೆ. ನಾಗರಹಾವಿನ ವಿಷವು ಸ್ನಾಯುವಿನ ಮೇಲೆ ಅಸಿಟೈಲ್‌ಕೋಲಿನ್ ಮುಟ್ಟುವ ಜಾಗವನ್ನು ಆಕ್ರಮಿಸಿ ರೆಪ್ಪೆ ಎತ್ತಲಾಗದಂತೆ, ಉಸಿರಾಡಲಾಗದಂತೆ ಮಾಡುತ್ತದೆ. ಆಗ ಪ್ರತಿವಿಷದ ಜತೆಗೆ ವೈದ್ಯರು ಅಟ್ರೋಪಿನ್‌ನೊಡನೆ ನಿಯೋಸ್ಟಿಗ್ಮಿನ್ ಕೊಡುತ್ತಾರೆ. ಅದು ಕೋಲಿನ್‌ಎಸ್ಟರೇಸನ್ನು ಕೆಲಕಾಲ ತಡೆಯುತ್ತದೆ. ಅಸಿಟೈಲ್‌ಕೋಲಿನ್ ಹೆಚ್ಚಿ ಹಾವಿನ ವಿಷದೊಡನೆ ಸ್ಪರ್ಧಿಸಿ ಗೆಲ್ಲಲು ಅವಕಾಶವಾಗುತ್ತದೆ. ನರದ ತುದಿಯನ್ನೇ ಹಾಳುಗೆಡಹುವ ಕಟ್ಟಿಗೆಹಾವಿನ ವಿಷಕ್ಕೆ ಈ ಉಪಾಯ ನಡೆಯುವುದು ಕಡಿಮೆ. ಸ್ನಾಯುಗಳು ಬಹುಬೇಗ ದಣಿಯುವ ಮಯಾಸ್ತೇನಿಯಾ ಎಂಬ ರೋಗಕ್ಕೂ, ಮುಪ್ಪಿನ ಮರೆವಿನ ರೋಗಕ್ಕೂ ಇದೇ ಕಿಣ್ವವನ್ನು ತಡೆಯುವ ಗುಳಿಗೆಗಳಿವೆ. ಕಿಣ್ವ ಒಂದೇ, ಎಷ್ಟು ಕಟ್ಟಿದೆವು, ಎಷ್ಟು ಹೊತ್ತಿಗೆ ಬಿಚ್ಚುತ್ತದೆ ಎಂಬುದರ ಮೇಲೆ ಅದು ಔಷಧವೋ ವಿಷವೋ ಆಗುತ್ತದೆ.

ಕಲಿಯಬೇಕಾದ ಪಾಠ

ನಮ್ಮ ದೇಶ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 1958ರಲ್ಲಿ ಒಂದೇ ಹಡಗಿನಲ್ಲಿ ಸಾಗಿಸಿದ ಪ್ಯಾರಾಥಿಯಾನ್ ಆಹಾರ ಪದಾರ್ಥಕ್ಕೆ ಸೋರಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಅದರ ಹಿಂದೆ ನಡೆದ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಕಾಯಿದೆ ಬಂತು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದೊಡನೆ ಮಾನೊಕ್ರೊಟೊಫಾಸ್ ಹೊಟ್ಟೆ ಸೇರಿ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಗೆ ಈ ವಿಷ ಬೆರೆತಿತ್ತು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದ ಹತ್ತಿಯ ಹೊಲಗಳಲ್ಲಿ ಸಿಂಪಡಿಸುತ್ತಿದ್ದ ನೂರಾರು ಜನ ಆಸ್ಪತ್ರೆ ಸೇರಿದರು, ಅನೇಕರು ಮರಳಲಿಲ್ಲ. ತರಕಾರಿಗೆ ಮಾನೊಕ್ರೊಟೊಫಾಸ್ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಗಿತ್ತು; 2023ರಲ್ಲಿ ಅದರ ಶೇಕಡಾ 36ರ ದ್ರಾವಣವನ್ನೇ ಹಂತಹಂತವಾಗಿ ನಿಲ್ಲಿಸುವ ಆದೇಶವನ್ನು ಕೇಂದ್ರ ಸರಕಾರ ಹೊರಡಿಸಿತು. ಆದರೆ ಮನೆಯ ಅಟ್ಟದ ಮೇಲಿನ ಹಳೆಯ ಬಾಟಲಿಗೆ ಆದೇಶ ಓದಲು ಬರುವುದಿಲ್ಲ.

ಡಬ್ಬಿಯ ಮೇಲಿನ ಬಣ್ಣವನ್ನು ಓದಲು ಅಕ್ಷರಜ್ಞಾನ ಬೇಡ. ಕೆಂಪು ಅತ್ಯುಗ್ರ ವಿಷ, ಹಳದಿ ಉಗ್ರ, ನೀಲಿ ಮಧ್ಯಮ, ಹಸಿರು ಸೌಮ್ಯ. ಸೌಮ್ಯವೆಂದರೂ ಕುಡಿಯುವ ನೀರಲ್ಲ. ವಿಷವನ್ನು ಬರಿಗೈಯಿಂದ ಕಲಸಬಾರದು, ಕಟ್ಟಿಕೊಂಡ ನಾಳವನ್ನು ಬಾಯಿಂದ ಊದಬಾರದು. ರಬ್ಬರಿನ ಕೈಚೀಲ, ತುಂಬುತೋಳಿನ ಅಂಗಿ, ಕಾಲಿಗೆ ಬೂಟು ಇರಬೇಕು. ಗಾಳಿಗೆ ಬೆನ್ನು ಮಾಡಿ ನಡೆಯಬೇಕು. ಕೈ ತೊಳೆಯದೆ ಬುತ್ತಿ ಬಿಚ್ಚಬಾರದು, ಎಲೆಅಡಿಕೆ ಹಾಕಬಾರದು. ತೊಯ್ದ ಬಟ್ಟೆಯಲ್ಲಿಯೇ ಮಗುವನ್ನು ಎತ್ತಿಕೊಳ್ಳಬಾರದು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಖಾಲಿ ಡಬ್ಬಿಯನ್ನು ನೀರಿಗೋ ಕಾಳಿಗೋ ಎಣ್ಣೆಗೋ ಎಂದೂ ಬಳಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬನೇ ದಿನಗಟ್ಟಲೆ ಹೊಡೆಯದೆ ಸರದಿಯಂತೆ ಹೊಡೆಯಬೇಕು. ತಲೆನೋವು, ಕಣ್ಣು ಮಸುಕು, ಹೊಟ್ಟೆ ತೊಳಸು ಕಂಡ ದಿನವೇ ಪಂಪು ಇಳಿಸಬೇಕು.

ಯಾರಾದರೂ ಕುಸಿದರೆ ಹೊಲದಿಂದ ಹೊರಗೆ ತಂದು, ಬಟ್ಟೆ ಕಳಚಿ, ಕೂದಲೂ ಸೇರಿದಂತೆ ಮೈಯನ್ನು ಸಾಬೂನು ನೀರಿನಿಂದ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ಉಪ್ಪುನೀರು, ಹುಣಸೆನೀರು, ಮಜ್ಜಿಗೆ ಏನನ್ನೂ ಕುಡಿಸಬಾರದು, ವಾಂತಿ ಮಾಡಿಸಬಾರದು. ಪ್ರಜ್ಞೆ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. 108ಕ್ಕೆ ಕರೆ ಮಾಡಬೇಕು. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಮನಸ್ಸು ಕುಗ್ಗಿದ ಗಳಿಗೆಯಲ್ಲಿ ಈ ಬಾಟಲಿಗೆ ಕೈಚಾಚಿದವರ ಮನೆಗಳು ನಮ್ಮ ಸೀಮೆಯಲ್ಲಿಯೂ ಇವೆ. ಅಂಥ ಗಳಿಗೆ ಬಹುಪಾಲು ಬಂದಂತೆಯೇ ಹಾದುಹೋಗುವಂಥದು. ವಿಷವನ್ನು ಮನೆಯಿಂದ ದೂರ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಮತ್ತೊಬ್ಬರ ಬಳಿ ಇಡುವುದರಿಂದ ಆ ಗಳಿಗೆ ದಾಟಲು ಸಮಯ ದೊರೆಯುತ್ತದೆ. ಸಾಲದ ಚಿಂತೆಯಲ್ಲಿ ಮೌನವಾದವರ ಪಕ್ಕದಲ್ಲಿ ಕುಳಿತು ಮಾತಾಡಿಸುವುದು ನೆರೆಯವರ ಕರ್ತವ್ಯ. ಹಗಲಿರುಳೂ ಕನ್ನಡದಲ್ಲಿಯೇ ಆಲಿಸುವ ಸರಕಾರದ ಟೆಲಿಮನಸ್ ಸಂಖ್ಯೆ 14416.

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಈ ಹಂಗಾಮಿನಲ್ಲಿ ಪಂಪು ಹೆಗಲೇರುವ ಮುನ್ನ ಪ್ರತಿಯೊಂದು ಮನೆಯೂ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇಂದು ಹೊಡೆಯಲಿರುವವನು ಕಳೆದ ವಾರ ಎಷ್ಟು ದಿನ ಹೊಡೆದಿದ್ದಾನೆ? ಆ ಎಣಿಕೆ ಗೋಡೆಯ ಮೇಲಿನ ಪಂಚಾಂಗದ ಮಗ್ಗುಲಲ್ಲಿ ಬರೆದಿರಲಿ.